ಮಗು, ಮಗುಚು ಮತ್ತು ಬೇಬಿ ಶವರ್

ಬೇಬಿ ಶವರ್ ಪಾರ್ಟಿಯಲ್ಲಿ ಆಟ ಆಡಿಸುವುದರಲ್ಲಿ ನನ್ನನ್ನು ಮೀರಿಸುವವನು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ ಎಂದು ಒಂದು ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ತೀರ್ಮಾನಿಸಿದೆ. ಅಲ್ಲಿಯವರೆಗೆ ನಾನು ಒಂದೇ ಒಂದು ಬೇಬಿ ಶವರ್ ಕೂಡ ನೋಡಿರಲಿಲ್ಲ ಎಂಬುದು ನಿಜ. ಆದರೆ ಪ್ರತಿಭೆಗೆ ಅನುಭವದ ಹಂಗಿಲ್ಲ! ಇಪ್ಪತ್ತೆರಡು ವರ್ಷಗಳಿಂದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿರುವವನು ನಾನು. ಅಲ್ಪಪ್ರಾಣಕ್ಕೆ ಪ್ರಾಣ ತುಂಬಿ ಮಹಾಪ್ರಾಣ ಮಾಡಿ, ಬೇಡದ ಕಡೆ ಬಂದು ಕೂತ ಸೊನ್ನೆಯನ್ನು ಎಬ್ಬಿಸಿ ಕಳಿಸಿ, ದೊಡ್ಡ ದೊಡ್ಡ ಪಂಡಿತರ ಮಾನ ಉಳಿಸಿದವನು. ಅಂಥವನಿಗೆ ನಾಲ್ಕು ಆಟ ಆಡಿಸುವುದು ಯಾವ ಲೆಕ್ಕ?

ವಿಷಯ ಇಷ್ಟು. ನನ್ನ ಹೆಂಡತಿಯ ತಂಗಿ, ಮನೆಯವರೆಲ್ಲ ಪುಟ್ಟಿ ಎಂದು ಕರೆಯುವವಳು, ಏಳು ತಿಂಗಳ ಗರ್ಭಿಣಿ. ಅವಳ ಗಂಡ, ಅಂದರೆ ನನ್ನ ಷಡ್ಡಕ, ಗೂಡ್ಸ್ ರೈಲಿನ ಗಾರ್ಡು. ಮನೆಯಲ್ಲಿರುವುದಕ್ಕಿಂತ ಹಳಿಯ ಮೇಲಿರುವುದೇ ಹೆಚ್ಚು. ಹೀಗಾಗಿ ಹೆರಿಗೆಯಾಗಿ ಮೂರು ತಿಂಗಳು ಕಳೆಯುವವರೆಗೆ ಅಕ್ಕನ ಮನೆಯಲ್ಲಿರಬೇಕೆಂಬುದು ಪುಟ್ಟಿಯ ಆಸೆ. ಆಸ್ಪತ್ರೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ನಮ್ಮ ಮಗಳು ಹಾಸ್ಟೆಲಿಗೆ ಹೋದ ಮೇಲೆ ಒಂದು ಕೋಣೆ ಖಾಲಿಯೂ ಇತ್ತು. ಅಕ್ಕ ತಂಗಿ ಸೇರಿ ಆ ಕೋಣೆಯ ಪರದೆಗೆ ಬಣ್ಣವನ್ನೂ ಆರಿಸಿಟ್ಟಿದ್ದರು.

ಆದರೆ ಒಪ್ಪಬೇಕಾದವರು ಪುಟ್ಟಿಯ ಅತ್ತೆ. ಹೆರಿಗೆ ವಾರ್ಡಿನಲ್ಲಿ ಮೂವತ್ತಮೂರು ವರ್ಷ ದುಡಿದು ಹೆಡ್ ನರ್ಸ್ ಆಗಿ ನಿವೃತ್ತರಾದವರು. ನಾನು ಮನಸ್ಸಿನಲ್ಲೇ ಅವರಿಗೆ ವಾರ್ಡಮ್ಮ ಎಂದು ಹೆಸರಿಟ್ಟಿದ್ದೆ. ಸೊಸೆ ತಮ್ಮ ಕಣ್ಣೆದುರಿಗೇ ಇರಲಿ ಎಂಬುದು ಅವರ ಮನಸ್ಸು. ಅವರ ಊರೋ, ಬಸ್ಸಿನಲ್ಲಿ ಆರು ಗಂಟೆ ದೂರ. ಭಾನುವಾರ ಬರುತ್ತೇನೆ, ಮನೆ ನೋಡಿ ಹೇಳುತ್ತೇನೆ ಎಂದು ಫೋನಿನಲ್ಲಿ ತಿಳಿಸಿದ್ದರು. ಅವರು ಒಪ್ಪಿದರೆ ಪುಟ್ಟಿ ನಮ್ಮಲ್ಲಿ, ಇಲ್ಲದಿದ್ದರೆ ಸಂಜೆಯ ಬಸ್ಸಿನಲ್ಲಿ ಅತ್ತೆಯ ಜೊತೆ.

ಅದೇ ಭಾನುವಾರ ಪುಟ್ಟಿಯ ಗೆಳತಿಯರನ್ನೂ ಕರೆದು ಬೇಬಿ ಶವರ್, ಅಂದರೆ ಈಗಿನ ಕಾಲದ ಸೀಮಂತ, ಮಾಡುವುದೆಂದು ನನ್ನ ಹೆಂಡತಿ ನಿಶ್ಚಯಿಸಿದಳು. ನನಗೆ ವಹಿಸಿದ ಜವಾಬ್ದಾರಿ ತುಂಬ ಸ್ಪಷ್ಟವಾಗಿತ್ತು.

"ರೀ, ನೀವು ಹದಿನೈದು ಕುರ್ಚಿ ತಂದು ಹಾಕಿ. ಆಮೇಲೆ ಅದ್ರಲ್ಲೇ ಒಂದರ ಮೇಲೆ ಸುಮ್ನೆ ಕೂತ್ಕೊಳ್ಳಿ."

"ಮತ್ತೆ ಆಟಗಳು?"

"ಯಾವ ಆಟ?"

"ಬೇಬಿ ಶವರ್ ಅಂದ್ಮೇಲೆ ಆಟ ಇರ್ಬೇಕು. ಅದನ್ನ ನನಗೆ ಬಿಡು."

"ನಿಮಗೆ ಬಿಟ್ಟಿದ್ದು ಇವತ್ತಿನವರೆಗೂ ಯಾವುದು ನೆಟ್ಟಗಾಗಿದೆ ಹೇಳಿ? ಅವರು ಬರ್ತಿರೋದು ಮನೆ ನೋಡೋಕೆ. ಈ ಮನೇಲಿ ಎಲ್ಲ ನೆಮ್ಮದಿಯಾಗಿ ನಡೆಯತ್ತೆ ಅಂತ ಅವರಿಗೆ ಅನ್ನಿಸಿದ್ರೆ ಸಾಕು ನನಗೆ."

ಕೊನೆಗೆ ಬರುವಷ್ಟರಲ್ಲಿ ಅವಳ ದನಿ ಸ್ವಲ್ಪ ಇಳಿದಿತ್ತು. ಹನ್ನೆರಡು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ ತಂಗಿಗೆ ಜಡೆ ಹಾಕಿ, ಶಾಲೆಗೆ ಕಳಿಸಿ, ಸಾಕಿ ಬೆಳೆಸಿದವಳು ಅವಳು.  ಇವಳಿಗಾಗಿ ಏನಾದರೂ ಮಹತ್ತರವಾದದ್ದನ್ನು ಮಾಡಲೇಬೇಕು ಅನ್ನಿಸಿತು. ಅವಳು ಕೇಳಿದ್ದು ಸುಮ್ಮನೆ ಕೂರುವುದೊಂದನ್ನೇ. ಅದೊಂದನ್ನು ಮಾತ್ರ ನಾನು ಮಾಡಲಿಲ್ಲ.

ಮೊದಲು ಆಹ್ವಾನ. "ಭಾನುವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಮನೆಯಲ್ಲಿ ಬೇಬಿ ಶವರ್. ತಪ್ಪದೆ ಬನ್ನಿ" ಎಂದು ಫೋನಿನಲ್ಲಿ ಬರೆದು, ನಾಲ್ಕು ಸಲ ಓದಿ, ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡು ಪುಟ್ಟಿಯ ಗೆಳತಿಯರ ಗುಂಪಿಗೆ ಕಳಿಸಿದೆ. ಏನು ಬರೆದಿದ್ದೇನೆ ಎಂದು ನೋಡುವುದು ನನ್ನ ಕಸುಬು, ಯಾರಿಗೆ ಹೋಗುತ್ತಿದೆ ಎಂದು ನೋಡುವುದಲ್ಲ. ಪುಟ್ಟಿಯ ಹೆಸರಿನ ಕೆಳಗೇ ಇದ್ದ ಇನ್ನೊಂದು 'ಪ'ಕಾರದ ಹೆಸರಿನ ಮೇಲೂ ಬೆರಳು ಬಿದ್ದಿತ್ತು.

ಆಮೇಲೆ ನಿಯಮಾವಳಿ. ನಿಯಮವಿಲ್ಲದ ಆಟ ಆಟವೇ? ಹದಿನಾಲ್ಕು ನಿಯಮಗಳನ್ನು ಬರೆದು, ನಮ್ಮ ಮುದ್ರಣಾಲಯದಲ್ಲೇ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿದೆ. ಗೋಡೆಗೆ ಅಂಟಿಸಲು ಅಂಗೈಯಗಲದ ಬಿಡಿ ಅಕ್ಷರಗಳಲ್ಲಿ 'ಸುಸ್ವಾಗತ' ಕತ್ತರಿಸಿದೆ. ಅಂಟಿಗೆ ಮೈದಾ ಕುದಿಸಿದೆ. ಉಳಿದ ಅಂಟನ್ನು ಎಸೆಯಲು ಮನಸ್ಸಾಗದೆ ಒಂದು ಗಾಜಿನ ಸೀಸೆಗೆ ತುಂಬಿಟ್ಟೆ. ಅದೇ ಥರದ ಇನ್ನೆಂಟು ಸೀಸೆಗಳಲ್ಲಿ ಕಣ್ಣು ಕಟ್ಟಿ ರುಚಿ ನೋಡುವ ಆಟಕ್ಕೆಂದು ಬೇಯಿಸಿ ನುರಿದ ತರಕಾರಿ, ಹಣ್ಣು ತುಂಬಿದೆ. ಕೂಸುಗಳಿಗೆ ತಿನ್ನಿಸುವಂಥದ್ದು, ಕಣ್ಣು ಮುಚ್ಚಿ ತಿಂದು ಏನೆಂದು ಹೇಳಬೇಕು. ಸೀಸೆಗಳಿಗೆಲ್ಲ ನಂಬರು ಬರೆದೆ, ಅದೂ ಅಚ್ಚ ಕನ್ನಡ ಅಂಕಿಗಳಲ್ಲಿ. ಅಂಕಿಯಿಲ್ಲದ ಸೀಸೆಯನ್ನು ಕಂಡರೆ ನನಗೆ ಪುಟಸಂಖ್ಯೆಯಿಲ್ಲದ ಪುಸ್ತಕ ಕಂಡಷ್ಟು ಸಂಕಟ. ಆದ್ದರಿಂದ ಅಂಟಿನ ಸೀಸೆಗೂ ಒಂದು ಅಂಕಿ ಕೊಟ್ಟೆ: ೯. ಬಟಾಣಿಯ ಸೀಸೆ ೬. ನನ್ನ ಕೈಬರಹದಲ್ಲಿ ಇವೆರಡೂ ಅವಳಿ-ಜವಳಿಗಳೆಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ.

ಭಾನುವಾರ ಬಂತು. ವಾರ್ಡಮ್ಮ ಬೆಳಗಿನ ಬಸ್ಸಿನಲ್ಲೇ ಬಂದು, ಕೋಣೆ ನೋಡಿ, ಕಿಟಕಿ ತೆಗೆದು ಮುಚ್ಚಿ, ಬಚ್ಚಲಿನ ನೆಲವನ್ನು ಕಾಲ ಹೆಬ್ಬೆರಳಿನಿಂದ ಉಜ್ಜಿ ಜಾರುತ್ತದೆಯೇ ಎಂದು ಪರೀಕ್ಷಿಸಿ, ಹಾಲ್‌ನ ಮೂಲೆಯ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನನ್ನ ಹೆಂಡತಿ ಹತ್ತು ನಿಮಿಷಕ್ಕೊಮ್ಮೆ ಅವರ ಮುಖ ನೋಡುತ್ತಿದ್ದಳು. ಆ ಮುಖದಲ್ಲಿ ಒಂದು ಅಕ್ಷರವೂ ಓದಲಾಗುತ್ತಿರಲಿಲ್ಲ.

ಮೂರಕ್ಕೆ ಗೆಳತಿಯರು ಸೇರಿದರು. ನಾನು ಗಂಟಲು ಸರಿಮಾಡಿಕೊಂಡು ಎದ್ದು ನಿಂತೆ. ಮೊದಲ ಆಟ ಪದನಿಷೇಧ. ಪ್ರತಿಯೊಬ್ಬರಿಗೂ ಬಟ್ಟೆ ಒಣಹಾಕುವ ಐದೈದು ಕ್ಲಿಪ್ಪು. ಪಾರ್ಟಿ ಮುಗಿಯುವವರೆಗೆ ಯಾರೂ 'ಮಗು' ಎಂಬ ಪದವನ್ನು ಬಾಯಿಬಿಟ್ಟು ಹೇಳಕೂಡದು. ಹೇಳಿದವರು ಸಿಕ್ಕಿಹಾಕಿಸಿದವರಿಗೆ ಒಂದು ಕ್ಲಿಪ್ಪು ಒಪ್ಪಿಸಬೇಕು. ಪಾಪು, ಕೂಸು, ಕಂದ, ಮರಿ ಎಲ್ಲಕ್ಕೂ ಅನುಮತಿ ಉಂಟು. ಕೊನೆಗೆ ಹೆಚ್ಚು ಕ್ಲಿಪ್ಪು ಇದ್ದವರಿಗೆ ಬಹುಮಾನ. ನಿರ್ಣಾಯಕನ ಮಾತೇ ಕೊನೆಯ ಮಾತು, ನಿರ್ಣಾಯಕ ನಾನೇ. ಎಲ್ಲರೂ ಕ್ಲಿಪ್ಪುಗಳನ್ನು ತೋಳಿಗೆ, ಕೊರಳಪಟ್ಟಿಗೆ ಸಿಕ್ಕಿಸಿಕೊಂಡರು. ವಾರ್ಡಮ್ಮ ಕೈಚೀಲದ ಹಿಡಿಗೆ ಸಾಲಾಗಿ ಐದನ್ನೂ ಸಿಕ್ಕಿಸಿದರು.

ಅಷ್ಟರಲ್ಲಿ ಬಾಗಿಲ ಬಳಿ ಒಬ್ಬರು ಬಂದು ನಿಂತರು. ನಮ್ಮ ಬೀದಿಯ ಪ್ಲಂಬರ್! ಹೆಗಲಲ್ಲಿ ಸಾಮಾನಿನ ಚೀಲ, ಕೈಯಲ್ಲಿ ಹೊಳೆಯುವ ಒಂದು ಪುಟ್ಟ ಶವರ್.

"ಸಾರ್, ಮಕ್ಕಳ ಸೈಜು ಅಂಗಡೀಲಿ ಸಿಗ್ಲಿಲ್ಲ. ಇದ್ದಿದ್ರಲ್ಲಿ ಸಣ್ಣದು ತಂದಿದೀನಿ. ಯಾವ ಬಚ್ಚಲಿಗೆ ಹಾಕ್ಲಿ?"

ಹಾಲ್ ಪೂರ್ತಿ ನಕ್ಕು ಉರುಳಾಡಿತು. ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಹೆಂಡತಿ ಮಾತ್ರ ನನ್ನನ್ನೊಮ್ಮೆ ನೋಡಿ, ಪ್ಲಂಬರಿಗೆ ಕುರ್ಚಿ ಕೊಟ್ಟು, ಬಂದಿದ್ದೀರಿ, ಕೇಕು ತಿಂದೇ ಹೋಗಿ ಎಂದಳು. ಅವನಿಗೂ ಐದು ಕ್ಲಿಪ್ಪು ಸಂದವು. ಆ ಮನುಷ್ಯ ಕೂತ ಐದು ನಿಮಿಷದಲ್ಲಿ ಪಕ್ಕದವರನ್ನು ಮಾತಿಗೆಳೆದು, ನಿಮ್ಮನೇಲಿ ಸಣ್ಣೋರು ಎಷ್ಟು ಜನ ಎಂದು ಮುಗ್ಧವಾಗಿ ಕೇಳಿ, "ಒಂದು ಮಗು" ಎಂಬ ಉತ್ತರ ಬಂದ ಕೂಡಲೇ ಕೈ ಚಾಚತೊಡಗಿದ. ನೋಡನೋಡುತ್ತಿದ್ದಂತೆ ಅವನ ಅಂಗಿಯ ತುಂಬ ಕ್ಲಿಪ್ಪು!

ಎರಡನೆಯ ಆಟ ದಾರದ್ದು. ಪುಟ್ಟಿಯ ಹೊಟ್ಟೆಯ ಸುತ್ತಳತೆ ಎಷ್ಟಿರಬಹುದೆಂದು ದೂರದಿಂದಲೇ ಊಹಿಸಿ ಎಲ್ಲರೂ ದಾರ ಕತ್ತರಿಸಬೇಕು. ಗೆಳತಿಯರು ಜಾಣೆಯರು, ಎಲ್ಲರೂ ಗಿಡ್ಡಗಿಡ್ಡ ದಾರ ಕತ್ತರಿಸಿ ಅವಳನ್ನು ಮೆಚ್ಚಿಸಿದರು. ಆಟ ಹೇಗೆಂದು ತೋರಿಸಲು ನಾನೂ ಒಂದು ಕತ್ತರಿಸಿದ್ದೆ. ಅದು ಪುಟ್ಟಿಯನ್ನು ಎರಡು ಸುತ್ತು ಸುತ್ತಿ, ಗಂಟು ಹಾಕುವಷ್ಟು ಉಳಿಯಿತು.

"ಭಾವ, ನಾನು ನಿಮಗೆ ಇಷ್ಟು ದಪ್ಪ ಕಾಣಿಸ್ತೀನಾ?" ಎಂದಳು ಪುಟ್ಟಿ. ಅವಳ ಕೆಳತುಟಿ ನಡುಗಿದ್ದನ್ನು ನಾನು ಕಂಡೆ. ನನ್ನ ಹೆಂಡತಿಯೂ ಕಂಡಳು. ಎಲ್ಲಕ್ಕಿಂತ ಮುಖ್ಯವಾಗಿ ಮೂಲೆಯ ಕುರ್ಚಿಯೂ ಕಂಡಿತು. ದಾರ ನೂಲುವಾಗಲೇ ಉದ್ದ ಬಂದಿತ್ತೆಂದು ಏನೋ ಒಂದು ಹೇಳಿ, ಅವಸರದಿಂದ ಮೂರನೆಯ ಆಟಕ್ಕೆ ಹಾರಿದೆ.

ಮೂರನೆಯದು ರುಚಿ ನೋಡುವುದು. ಹೆಂಡತಿ ಅಡುಗೆಮನೆಯಿಂದ ಎಂಟು ಸೀಸೆ ತಂದು ಸಾಲಾಗಿಟ್ಟಳು. ನಾನು ದೊಡ್ಡ ಮನಸ್ಸು ಮಾಡಿ ಮೊದಲ ಅವಕಾಶವನ್ನು ವಾರ್ಡಮ್ಮನವರಿಗೇ ಕೊಟ್ಟೆ. ಹಿರಿಯರು ಸೋತರೂ ಸಂತೋಷಪಡುತ್ತಾರೆ ಎಂಬುದು ನನ್ನ ಎಣಿಕೆ. ಅವರು ಕರವಸ್ತ್ರದಿಂದ ಕಣ್ಣು ಕಟ್ಟಿಸಿಕೊಂಡು ಒಂದೊಂದೇ ಚಮಚ ಬಾಯಿಗಿಟ್ಟುಕೊಂಡರು. ಕ್ಯಾರೆಟ್, ಬಾಳೆಹಣ್ಣು, ಆಲೂಗಡ್ಡೆ, ಸೇಬು, ಕುಂಬಳಕಾಯಿ. ಐದಕ್ಕೆ ಐದೂ ಸರಿ! ಎಲ್ಲರೂ ಚಪ್ಪಾಳೆ ತಟ್ಟಿದರು. ಆರನೆಯ ಚಮಚ ಬಾಯಿಗೆ ಹೋಯಿತು. ವಾರ್ಡಮ್ಮ ನಾಲಿಗೆ ಹೊರಳಿಸಿದರು, ನಿಲ್ಲಿಸಿದರು, ಮತ್ತೊಮ್ಮೆ ಹೊರಳಿಸಿದರು.

"ಮೈದಾ ಅಂಟು" ಎಂದರು.

ನಾನು ಸೀಸೆ ಎತ್ತಿ ನೋಡಿದೆ.

"ವಾರ್ಡಲ್ಲಿ ಚೀಟಿ ಅಂಟಿಸೋಕೆ ನಾವೇ ಮಾಡ್ಕೊಳ್ತಿದ್ವಿ. ಇದು ತೆಳ್ಳಗಾಯ್ತು. ಇದ್ರಲ್ಲಿ ಅಂಟಿಸಿದ್ದು ನಿಲ್ಲಲ್ಲ" ಎಂದು ಅವರು ತೀರ್ಪು ಕೊಡುವುದಕ್ಕೂ, ನನ್ನ ಹಿಂದಿನ ಗೋಡೆಯಿಂದ 'ಸು' ಕಳಚಿ ನೆಲಕ್ಕೆ ಬೀಳುವುದಕ್ಕೂ ಸರಿಹೋಯಿತು. 'ಸು' ಹೋದರೂ 'ಸ್ವಾಗತ' ಉಳಿಯಿತು. ಒಂದು ಅಕ್ಷರ ಬಿದ್ದರೂ ಅರ್ಥ ಬೀಳದಿರುವುದು ನಮ್ಮ ಭಾಷೆಯ ದೊಡ್ಡ ಗುಣ.

ಹೆಂಡತಿ ನೀರಿನ ಲೋಟ ಹಿಡಿದು ಓಡಿಬಂದು ಅವರ ಕ್ಷಮೆ ಕೇಳಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಹಲ್ಲು ಕಚ್ಚಿಕೊಂಡು ಕೇಳಿದಳು.

"ಇದು ಆರು ಅಲ್ವೇನ್ರಿ?"

"ಒಂಬತ್ತು."

"ಮತ್ತೆ ಆರು ಹೇಗಿರತ್ತೆ?"

ಬರೆದು ತೋರಿಸಿದೆ.

"ಇದೂ ಒಂಬತ್ತೇ" ಎಂದಳು.

ನಿಯಮದ ಪ್ರಕಾರ ಸರಿ ಉತ್ತರಕ್ಕೆ ಅಂಕ ಕೊಡಲೇಬೇಕು. ಆರಕ್ಕೆ ಆರು ಎಂದು ಘೋಷಿಸಿದೆ. ವಾರ್ಡಮ್ಮ ಕಣ್ಣಿನ ಬಟ್ಟೆ ಬಿಚ್ಚಿ ಮಡಿಸಿಟ್ಟು, ಉಳಿದ ಎರಡು ಸೀಸೆಗಳನ್ನು ತಮ್ಮಿಂದ ಸ್ವಲ್ಪ ದೂರ ಸರಿಸಿದರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಬುದ್ಧಿಯಿದ್ದವನು ನಿಲ್ಲಿಸುತ್ತಿದ್ದ. ಆದರೆ ಪಂದ್ಯ ಸೋಲುತ್ತಿರುವ ನಾಯಕನಿಗೆ ನಿಯಮದ ಮೇಲೆ ಎಲ್ಲಿಲ್ಲದ ಪ್ರೀತಿ ಬರುತ್ತದೆ. ಗೆಳತಿಯೊಬ್ಬಳು ಚಹಾದ ಟ್ರೇ ಎತ್ತಿಕೊಂಡು ಬರುವಾಗ ನನ್ನ ಹೆಂಡತಿ ಅಲ್ಲಿಂದಲೇ, "ಹುಷಾರಮ್ಮ, ಮಗುಚೀತು" ಎಂದಳು.

ನಾನು ಬೆರಳೆತ್ತಿದೆ. "ಒಂದು ಕ್ಲಿಪ್ಪು ಕೊಡು."

"ಯಾಕೆ?"

"ಮಗು ಅಂದೆ."

"ಮಗುಚೀತು ಅಂದೆ ರೀ. ಟ್ರೇ ವಿಷಯ."

"ಮ, ಗು, ಚು. ಅದ್ರಲ್ಲಿ ಮೊದಲ ಎರಡು ಅಕ್ಷರ ಏನು?"

"ನಿಮಗೇನು ತಲೆ ನೆಟ್ಟಗಿದೆಯಾ? ಮಗುಚೋಕೂ ಮಗೂಗೂ ಏನ್ರಿ ಸಂಬಂಧ?"

"ಈಗ ಇನ್ನೊಂದ್ಸಲ ಅಂದೆ. ಅಲ್ಲ, ಎರಡು ಸಲ. ಒಟ್ಟು ನಾಲ್ಕು ಕ್ಲಿಪ್ಪು."

ಗೆಳತಿಯರಲ್ಲಿ ಒಬ್ಬರು ಶಾಲೆಯ ಟೀಚರು. ಅವರು ಕೈ ಎತ್ತಿ, ಹಾಗಾದರೆ 'ನಮ್ಮ ಗುರುಗಳು' ಎಂದರೂ ತಪ್ಪೇ, ಅದರ ಮಧ್ಯದಲ್ಲೂ ಮಗು ಕೇಳಿಸುತ್ತದಲ್ಲ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ! ಅದೂ ತಪ್ಪೇ ಎಂದು ತೀರ್ಪಿತ್ತು, ಪ್ರಶ್ನೆ ಕೇಳಿದ್ದಕ್ಕೆ ಅವರಿಂದಲೇ ಎರಡು ಕ್ಲಿಪ್ಪು ವಸೂಲು ಮಾಡಿದೆ. ಅಕ್ಷರ ಎಂದರೆ ಅಕ್ಷರ, ಅದರಲ್ಲಿ ಹೆಂಡತಿ, ಟೀಚರು ಎಂಬ ಭೇದವಿಲ್ಲ ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಅಲ್ಲಿಂದ ಮುಂದೆ ಹಾಲ್‌ನಲ್ಲಿ ಒಬ್ಬೊಬ್ಬರೂ ಪ್ರತಿ ಮಾತನ್ನೂ ಬಾಯಲ್ಲೇ ತಿರುಗಿಸಿ ನೋಡಿ ಆಮೇಲೆ ಹೊರಬಿಡತೊಡಗಿದರು. ಹೆಂಡತಿಯ ತೋಳಿನಲ್ಲಿ ಇನ್ನೊಂದೇ ಒಂದು ಕ್ಲಿಪ್ಪು ಉಳಿದಿತ್ತು.

ವಾರ್ಡಮ್ಮ ಮೊದಲ ಸಲ ಆಟದ ಬಗ್ಗೆ ಬಾಯಿ ತೆರೆದರು. "ಅಂದ್ರೆ ಮಗುಚು ಅಂತ ಯಾವ ಕಾರಣಕ್ಕೂ ಅನ್ನೋ ಹಾಗಿಲ್ಲ."

"ಯಾವ ಕಾರಣಕ್ಕೂ ಇಲ್ಲ ಅಮ್ಮ" ಎಂದು ವಿನಯದಿಂದ ಹೇಳಿ, ಅವರಿಂದಲೂ ಒಂದು ತೆಗೆದುಕೊಂಡೆ. ಅವರು ಸರಿ ಎಂದರು, ಅಷ್ಟೇ.

ಕೊನೆಯ ಆಟ, ನನ್ನ ಕಿರೀಟದ ಮಣಿ: ಗೊಂಬೆಗೆ ಸ್ನಾನ. ಮಗಳ ಹಳೆಯ ಗೊಂಬೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ಒರೆಸಿ, ನ್ಯಾಪಿ ಕಟ್ಟಬೇಕು. ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದಂತೆ. ಕುರ್ಚಿ ಬಾಡಿಗೆಗೆ ಕೊಟ್ಟವರಿಂದಲೇ ತಂದಿದ್ದ ಒಂದು ಮಡಚುವ ಮೇಜಿನ ಮೇಲೆ ದೊಡ್ಡ ಪ್ಲಾಸ್ಟಿಕ್ ಟಬ್ಬಿಟ್ಟು ಅಂಚಿನವರೆಗೆ ನೀರು ತುಂಬಿಸಿದೆ. ಅರ್ಧ ಸಾಕು ಎಂದಳು ಹೆಂಡತಿ. ಅರ್ಧ ಕೆಲಸ ಮಾಡಿ ನನಗೆ ರೂಢಿಯಿಲ್ಲ ಎಂದೆ. ಆ ಮೇಜಿನ ಕಾಲುಗಳಿಗೆ ಕೆಳಗೆ ಒಂದೊಂದು ಕೊಂಡಿ ಇರುತ್ತದೆ, ಅದನ್ನು ಸಿಕ್ಕಿಸಿದರಷ್ಟೇ ಕಾಲು ನಿಲ್ಲುತ್ತದೆ. ನಾಲ್ಕರಲ್ಲಿ ಮೂರನ್ನು ನಾನು ಸಿಕ್ಕಿಸಿದ್ದೆ.

ಗೆಳತಿಯರು ಒಬ್ಬೊಬ್ಬರಾಗಿ ಬಂದು ಗೊಂಬೆಯನ್ನು ಮುಳುಗಿಸಿ, ಕೈಜಾರಿಸಿ, ನಗುತ್ತಾ ಹೋದರು. ಪ್ಲಂಬರ್ ಬಂದ. ತೋಳು ಮಡಿಸಿದ, ಅದ್ದಿದ, ಒರೆಸಿದ, ಕಟ್ಟಿದ, ಗೊಂಬೆಯ ಬೆನ್ನು ತಟ್ಟಿ ತೇಗನ್ನೂ ತರಿಸಿದ. ಇಪ್ಪತ್ತೊಂದು ಸೆಕೆಂಡು! ನಾಲ್ಕು ಜನರನ್ನು ಸಾಕಿದ ಕೈ ಸಾರ್ ಎಂದು ನಾಚಿಕೊಂಡ.

ನಾನು ಗೊಂಬೆಯನ್ನು ಎತ್ತಿಕೊಂಡು, ಮೇಜಿಗೆ ಬೆನ್ನು ಕೊಟ್ಟು ಒರಗಿ ನಿಂತು, ವಿಜೇತರನ್ನು ಘೋಷಿಸುವ ಮುನ್ನ ಹನ್ನೊಂದನೆಯ ನಿಯಮವನ್ನು ಓದತೊಡಗಿದೆ. ಓದುತ್ತಿದ್ದಂತೆ ಎದುರಿಗಿದ್ದವರ ಮುಖಗಳು ವಿಚಿತ್ರವಾಗತೊಡಗಿದವು. ನಿಯಮದ ಗಾಂಭೀರ್ಯಕ್ಕೆ ಬೆರಗಾಗಿದ್ದಾರೆ ಎಂದುಕೊಂಡೆ.

"ಸಾರ್, ಟಬ್ಬು" ಎಂದ ಪ್ಲಂಬರ್.

"ಟಬ್ಬಿಗೇನು?"

"ಅದು... ಅಂದ್ರೆ... ಹಿಂಗಿರೋದು ಹಿಂಗಾಗ್ತಾ..." ಎಂದು ಅಂಗೈಯನ್ನು ಬೋರಲು ಮಾಡಿ ತೋರಿಸಿದ. ಎದೆಯ ಮೇಲೆ ಮೂವತ್ತೆರಡು ಕ್ಲಿಪ್ಪು ಹೊತ್ತವನು ಬಾಯಿಬಿಟ್ಟು ಹೇಳಿಯಾನೆ?

"ರೀ, ಅದು ಮ..." ಎಂದು ಶುರು ಮಾಡಿದ ಹೆಂಡತಿ ತನ್ನ ಕೊನೆಯ ಕ್ಲಿಪ್ಪನ್ನು ನೋಡಿಕೊಂಡು ಬಾಯಿ ಮುಚ್ಚಿದಳು. ಟೀಚರು ಪರ್ಯಾಯ ಪದಕ್ಕಾಗಿ ಸೂರು ನೋಡಿದರು. 'ಪಲ್ಟಿ' ಎಂಬ ಚಂದದ ಪದವೊಂದು ಎಲ್ಲರಿಗೂ ಗೊತ್ತು. ಆ ಗಳಿಗೆಯಲ್ಲಿ ಅದು ಒಬ್ಬರಿಗೂ ಹೊಳೆಯಲಿಲ್ಲ.

ಆಗ ಮೂಲೆಯ ಕುರ್ಚಿಯಿಂದ ದನಿ ಬಂತು. "ಟಬ್ಬು ಮಗುಚ್ತಾ ಇದೆ. ಪಕ್ಕಕ್ಕೆ ಸರೀರಿ."

ಬೇರೆ ಯಾರಾದರೂ ಆಗಿದ್ದರೆ ಸರಿಯುತ್ತಿದ್ದರು. ನಾನು ಕೈ ಚಾಚಿ, "ಅಮ್ಮ, ಒಂದು ಕ್ಲಿಪ್ಪು" ಎಂದೆ.

ಕೊಂಡಿ ಸಿಕ್ಕಿಸದ ಆ ಒಂದು ಕಾಲು ಮಡಚಿಕೊಂಡಿತು. ಒರಗಿದ್ದ ನಾನು ದಬಕ್ಕನೆ ನೆಲಕ್ಕೆ ಕೂತೆ. ಅಷ್ಟೂ ನೀರು ಒಂದೇ ಏಟಿಗೆ ನನ್ನ ತಲೆ, ಕನ್ನಡಕ, ನಿಯಮಾವಳಿಗಳ ಮೇಲೆ ಸುರಿಯಿತು.  ಟಬ್ಬು ಬಂದು ತಲೆಯ ಮೇಲೆ ಕೂತಿತು. ಅದರೊಳಗಿನಿಂದ ನಾನು, "ಮಗುಚ್ತು, ಮಗುಚ್ತು, ಮಗುಚ್ತು" ಎಂದು ಅರಚಿದೆನಂತೆ. ಎಷ್ಟು ಸಲ ಎಂದು ಪ್ಲಂಬರ್ ಎಣಿಸಿಟ್ಟುಕೊಂಡಿದ್ದ.

ಎಲ್ಲರೂ ನಕ್ಕರು. ಆ ನಗು ಒಂದೇ ಕ್ಷಣ. "ಅಯ್ಯೋ ಭಾವ" ಎಂದು ಪುಟ್ಟಿ ಕುರ್ಚಿಯಿಂದ ಎದ್ದು ನನ್ನ ಕಡೆ ಹೆಜ್ಜೆ ಇಟ್ಟಿದ್ದಳು. ನುಣುಪಾದ ನೆಲ, ಅದರ ಮೇಲೆ ಪಾದ ನೆನೆಯುವಷ್ಟು ನೀರು, ಅದರೊಳಗೆ ಸೋಪು. ತಲೆಯ ಮೇಲಿದ್ದ ಟಬ್ಬಿನ ಅಂಚಿನ ಕೆಳಗಿನಿಂದ ಇಣುಕಿದಾಗ ಅವಳ ಪಾದ ಒಂದಿಷ್ಟು ಜಾರಿದ್ದನ್ನು ಕಂಡೆ.  ಜನ್ಮದಲ್ಲಿ ಅಷ್ಟು ಹೆದರಿದವನಲ್ಲ ನಾನು.

"ಪುಟ್ಟಿ, ಅಲ್ಲೇ ನಿಂತ್ಕೋ. ಕಾಲೆತ್ತಬೇಡ" ಎಂದಳು ನನ್ನ ಹೆಂಡತಿ. ಕೂಗಲಿಲ್ಲ. ಉಪ್ಪು ಕೊಡು ಎನ್ನುವಾಗ ಎಷ್ಟು ದನಿಯೋ ಅಷ್ಟೇ. ಪುಟ್ಟಿ ನಿಂತಳು. ಹೆಂಡತಿ ಪಕ್ಕದ ಕೋಣೆಯ ಹಾಸಿಗೆಯಿಂದ ದುಪ್ಪಟಿಗಳನ್ನು ಸರಕ್ಕನೆ ಎಳೆದು ತಂದು, ತಂಗಿಯ ಕಾಲ ಕೆಳಗೆ ಒಂದು, ಅಲ್ಲಿಂದ ಕುರ್ಚಿಯವರೆಗೆ ಎರಡು ಹಾಸಿದಳು. ಟೀಚರಿಗೆ ಒಂದು ತೋಳು ಹಿಡಿಯಲು ಹೇಳಿ, ಇನ್ನೊಂದನ್ನು ತಾನು ಹಿಡಿದು ನಡೆಸಿ ಕೂರಿಸಿದಳು. ಪಾದ ಒರೆಸಿದಳು. ಪ್ಲಂಬರಿಗೆ ಪೊರಕೆ ಕೊಟ್ಟು ನೀರನ್ನು ಬಚ್ಚಲಿಗೆ ತಳ್ಳಲು ಹೇಳಿದಳು. ಉಳಿದವರನ್ನು ಗೋಡೆಗೆ ಸರಿಸಿದಳು. ಇಷ್ಟೂ ಎರಡು ನಿಮಿಷದೊಳಗೆ. ಆಮೇಲಷ್ಟೇ ಬಂದು ನನ್ನ ತಲೆಯ ಮೇಲಿನ ಟಬ್ಬು ಎತ್ತಿದಳು.

"ಸಾರ್, ನೀವು ಮೊದ್ಲೇ ಹೇಳಿದ್ರೆ ಬಚ್ಚಲಲ್ಲೇ ಹಾಕಿಕೊಡ್ತಿದ್ದೆ ಶವರ್ರು" ಎಂದ ಪ್ಲಂಬರ್, ಪೊರಕೆ ಆಡಿಸುತ್ತಾ. ಗೋಡೆಯಿಂದ 'ಸ್ವಾ' ಕೂಡ ಕಳಚಿತು. ನನ್ನ ತಲೆಯ ಮೇಲೆ 'ಗತ' ಎಂದಷ್ಟೇ ಉಳಿಯಿತು.

ಹೆಂಡತಿ ಬೈದಿದ್ದರೆ ಬದುಕುತ್ತಿದ್ದೆ. ಒದ್ದೆ ದುಪ್ಪಟಿಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದವಳು ಅಲ್ಲೇ ಗೋಡೆಯ ಕಡೆ ತಿರುಗಿ ನಿಂತುಬಿಟ್ಟಳು. ಅವಳ ಭುಜ ಅಲುಗುತ್ತಿತ್ತು. ನೆಮ್ಮದಿಯ ಮನೆ ಎಂದು ತೋರಿಸಲು ವಾರವಿಡೀ ಒದ್ದಾಡಿದವಳ ಆಸೆಯನ್ನು ನಾನು ಒಂದು ಟಬ್ಬು ನೀರಿನಲ್ಲಿ ಕೊಚ್ಚಿ ಹಾಕಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ತೊಟ್ಟಿಕ್ಕುತ್ತಲೇ ಹೋಗಿ ವಾರ್ಡಮ್ಮನವರ ಮುಂದೆ ನಿಂತೆ. "ಅಮ್ಮ, ಇದೆಲ್ಲ ನಾನು ಮಾಡಿದ್ದು. ಅವಳು ಕುರ್ಚಿ ಹಾಕಿ ಸುಮ್ನೆ ಕೂತ್ಕೊಳ್ಳಿ ಅಂದಿದ್ಲು. ಅವಳ ತಪ್ಪು ಏನೇನೂ ಇಲ್ಲ. ನನ್ನ ಮುಖ ನೋಡಿ ಬೇಡ ಅನ್ನಬೇಡಿ."

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮೊದಲು ತಲೆ ಒರೆಸಿಕೊಳ್ಳಿ ಎಂದರು. ಆಮೇಲೆ ನನ್ನ ಹೆಂಡತಿಯನ್ನು ಕರೆಸಿ ಎದುರಿಗೆ ಕೂರಿಸಿಕೊಂಡರು.

"ನೋಡಮ್ಮ, ಏನೂ ಆಗದೇ ಇರೋ ದಿನ ವಾರ್ಡನ್ನ ಯಾರು ಬೇಕಾದ್ರೂ ನಡೆಸ್ತಾರೆ. ಆಗಬಾರದ್ದು ಆದಾಗ ಕೂಗಾಡದೆ ಕೆಲಸ ಮಾಡೋರು ಯಾರು ಅಂತ ನಾನು ಮೂವತ್ಮೂರು ವರ್ಷ ಹುಡುಕಿದೀನಿ. ಸಿಕ್ಕಿದ್ದು ನಾಲ್ಕೋ ಐದೋ ಜನ. ಪುಟ್ಟಿ ಇಲ್ಲೇ ಇರ್ಲಿ."

ಹೆಂಡತಿ ಅವರ ಎರಡೂ ಕೈ ಹಿಡಿದುಕೊಂಡಳು. ಪುಟ್ಟಿ ಕೂತಲ್ಲೇ ಅಳತೊಡಗಿದಳು. ಅವಳನ್ನು ನೋಡಿ ಟೀಚರೂ ಅತ್ತರು. ನನ್ನ ಮುಖ ಹೇಗೂ ಒದ್ದೆಯಿತ್ತು, ನಾನು ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ.

ವಾರ್ಡಮ್ಮ ಕೈಚೀಲದಿಂದ ಒಂದು ಹಾಳೆ ತೆಗೆದು, ಮುಂದಿನ ತಿಂಗಳುಗಳಲ್ಲಿ ಮಾಡಬೇಕಾದ್ದನ್ನು ಸಾಲಾಗಿ ಬರೆಯತೊಡಗಿದರು. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಎಷ್ಟು ನಡಿಗೆ, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಓಡಬೇಕು. ಬರೆದು ಮುಗಿಸಿ ಹಾಳೆಯನ್ನು ನನ್ನ ಕೈಗಿತ್ತರು. "ನೀವು ಕರಡು ತಿದ್ದೋರಂತಲ್ಲ. ಇದನ್ನ ಗೋಡೆಗೆ ಹಾಕ್ಬೇಕು. ತಪ್ಪಿದ್ರೆ ನೋಡಿ."

ಆಹಾ! ಎಲ್ಲ ಕಳೆದುಕೊಂಡವನಿಗೆ ಕಳೆದ ಮಾನ ಗಳಿಸಿಕೊಳ್ಳಲು ಒಂದು ಅವಕಾಶ! ಜೇಬಿನಲ್ಲಿದ್ದ ಕೆಂಪು ಪೆನ್ನನ್ನು ಕೊಡವಿ, ಕನ್ನಡಕ ಒರೆಸಿ, ಓದಿದೆ. ಮುತ್ತು ಪೋಣಿಸಿದಂಥ ಅಕ್ಷರ. ಒಂದು ಒತ್ತಕ್ಷರ ತಪ್ಪಿಲ್ಲ, ಒಂದು ದೀರ್ಘ ಹೆಚ್ಚಿಲ್ಲ. ಬೇಸರವಾಯಿತು. ಕೊನೆಯ ಸಾಲಿಗೆ ಬಂದೆ: 'ಈ ಮನೆಯಲ್ಲಿ ಜೋಪಾನವಾಗಿ ನೋಡಿಕೊಳ್ಳಬೇಕಾದವರು: ತಾಯಿ ಒಬ್ಬಳು, ಮಕ್ಕಳು ಇಬ್ಬರು.'

ಸಿಕ್ಕಿತು! ನನ್ನ ಎದೆ ಉಬ್ಬಿತು. 'ಇಬ್ಬರು' ಎಂಬುದರ ಸುತ್ತ ದೊಡ್ಡದಾಗಿ ಕೆಂಪು ವೃತ್ತ ಎಳೆದು, ಎಲ್ಲರಿಗೂ ಕೇಳುವಂತೆ ಹೇಳಿದೆ. "ಅಮ್ಮ, ಇಲ್ಲೊಂದು ತಪ್ಪಿದೆ. ಡಾಕ್ಟ್ರು ಒಂದೇ ಅಂದಿದಾರೆ. ನೀವು ಇಬ್ಬರು ಅಂತ ಬರೆದಿದೀರಿ."

ವಾರ್ಡಮ್ಮ ಹಾಳೆಯನ್ನು ತೆಗೆದುಕೊಂಡು, ಆ ಸಾಲನ್ನು ನಿಧಾನವಾಗಿ ಓದಿ, ಹಾಗೇ ನನ್ನ ಕೈಗೆ ವಾಪಸು ಕೊಟ್ಟರು.

"ತಪ್ಪಿಲ್ಲ. ಒಂದು ಇನ್ನೂ ಹುಟ್ಟಬೇಕು. ಇನ್ನೊಂದು ಕೆಂಪು ಪೆನ್ನು ಹಿಡ್ಕೊಂಡು ನನ್ನ ಮುಂದೆ ನಿಂತಿದೆ."